ಕಂತಲಪಿಯೆದ್ರ ಮನೆಯ ಹೆಣ್ಣುಮಕ್ಕಳು

ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮದುವೆಮನೆಯ ಊಟದ ಸಾಲಿನಲ್ಲಿ ಯಾರಾದರೂ ನನ್ನ ಹೆಸರು ಕೇಳಿದರೆ ನಾನು ಪೂರ್ತಿಯಾಗಿಯೇ ಹೇಳುತ್ತೇನೆ. ಜೆಸಿಂತಾ ಕಂತಲಪಿಯೆದ್ರ. ಕೇಳಿದವರು ಒಮ್ಮೆ ಕಣ್ಣು ಪಿಳಿಪಿಳಿ ಮಾಡಿ ಏನೆಂದಿರಿ ಎನ್ನುತ್ತಾರೆ. ನಾನು ಮತ್ತೆ ಹೇಳುತ್ತೇನೆ. ಮಂಗಳೂರು ಕಡೆಯ ಕ್ರಿಸ್ತಿಯನ್ನರು ಎಂದಮೇಲೆ ಡಿಸೋಜ, ಪಿಂತೊ, ಲೋಬೊ ಇವುಗಳಲ್ಲಿ ಒಂದನ್ನು ಕೇಳಲು ಸಿದ್ಧವಾಗಿದ್ದ ಕಿವಿಗೆ ಇದು ಎಲ್ಲಿಂದಲೋ ಬಂದು ಬಿದ್ದ ಕಲ್ಲು. ನನಗೆ ಇದರಿಂದ ಬೇಸರವಾಗಿದ್ದೇ ಇಲ್ಲ. ಬೇಸರ ಹಾಗಿರಲಿ, ಎರಡನೆಯ ಸಲ ಹೇಳುವಾಗ ಒಳಗೊಳಗೇ ಒಂದು ಜಂಬ ಬರುತ್ತದೆ. ಮದುವೆಯಾದ ಮೇಲೂ ನಾನು ಇದನ್ನು ಬಿಡಲಿಲ್ಲ, ನನ್ನ ಗಂಡ ಬಿಡು ಎನ್ನಲೂ ಇಲ್ಲ. ನ್ಯಾಯವಾಗಿ ನೋಡಿದರೆ ಈ ಹೆಸರು ನನ್ನ ತಂದೆಯ ಜೊತೆಗೇ ಪುತ್ತೂರಿನ ಮಣ್ಣಿಗೆ ಸೇರಿ ಮುಗಿದುಹೋಗಬೇಕಿತ್ತು. ಮುಗಿಯಲಿಲ್ಲ. ಮುಗಿಯಗೊಡದಿದ್ದವಳು ನನ್ನ ಅಕ್ಕ. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ.

ನಮ್ಮ ಮನೆ ಪುತ್ತೂರು ಪೇಟೆಯಿಂದ ಸ್ವಲ್ಪವೇ ಆಚೆ, ಇಗರ್ಜಿಯ ಗಂಟೆ ಕೇಳುವಷ್ಟು ದೂರದಲ್ಲಿತ್ತು. ಎದುರು ಕೋಣೆಯನ್ನು ನಾವು ಸಾಲ ಎನ್ನುತ್ತಿದ್ದೆವು. ಅದರ ಪೂರ್ವದ ಗೋಡೆಯಲ್ಲಿ ದೇವರ ಪೀಠ, ಉಳಿದ ಮೂರು ಗೋಡೆಗಳಲ್ಲಿ ಹಿತ್ತಾಳೆಯ ವಾದ್ಯಗಳು. ಅಜ್ಜನನ್ನು ನಾವು ಆಬ್ ಎಂದು ಕರೆಯುತ್ತಿದ್ದೆವು. ಅವರು ಕಟ್ಟಿದ ಬ್ಯಾಂಡನ್ನು ಆಮೇಲೆ ಪಪ್ಪ ನಡೆಸುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಕುರ್ಚಿಗಿಂತ ಕೊಂಬುಗಳೇ ಹೆಚ್ಚು. ದೊಡ್ಡ ಡೋಲು ಬಾಗಿಲ ಹಿಂದೆ ಕೂತಿರುತ್ತಿತ್ತು, ಅದರ ಮೇಲೆ ನಾನು ತಲೆಯಿಟ್ಟು ಮಲಗಿದ್ದೂ ಉಂಟು ಎಂದು ನಡುವಿನ ಅಕ್ಕ ಐರಿನ್ ಈಗಲೂ ನನ್ನನ್ನು ರೇಗಿಸುತ್ತಾಳೆ. ಹಿತ್ತಾಳೆ ತಿಕ್ಕಲು ಹುಣಸೆಹುಳಿ ಬೇಕು. ಅಮ್ಮ ವರ್ಷಕ್ಕೆಂದು ಉಪ್ಪು ಹಾಕಿ ತುಂಬಿಟ್ಟ ಹುಣಸೆಯ ಭರಣಿ ಅಡುಗೆಮನೆಗಿಂತ ಬೇಗ ಸಾಲದಲ್ಲಿ ಖಾಲಿಯಾಗುತ್ತಿತ್ತು. ಸಾರು ಹುಳಿಯಿಲ್ಲದೆ ಸಪ್ಪೆಯಾದ ದಿನ ಅಮ್ಮ ಬಟ್ಟಲನ್ನು ಪಪ್ಪನ ಮುಂದೆ ಕುಕ್ಕಿ, ಹುಳಿ ಬೇಕಾದರೆ ಹೋಗಿ ನಿಮ್ಮ ಕಹಳೆ ನೆಕ್ಕಿ ಎನ್ನುತ್ತಿದ್ದಳು. ಪಪ್ಪ ಜಗಳ ಆಡುವವರಲ್ಲ. ಮನೆಯಲ್ಲಿ ಮಾತು ಏರಿದ ಕೂಡಲೇ ಅವರ ಕೈಗೆ ಒಂದು ವಾದ್ಯವೂ ಒಂದು ಚಿಂದಿಯೂ ಬರುತ್ತಿದ್ದವು. ನಮ್ಮ ಬ್ಯಾಂಡು ಅಷ್ಟು ಹೊಳೆಯುತ್ತಿದ್ದದ್ದಕ್ಕೆ ನಮ್ಮ ಮನೆಯ ಜಗಳಗಳೂ ಕಾರಣ.

ಸಂಜೆ ಜಪಸರ ಮುಗಿದ ಮೇಲೆ ಚಿಕ್ಕವರು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುವುದು ನಮ್ಮ ಜಾತಿಯ ಪದ್ಧತಿ. ಮೊದಲು ಆಬ್, ಆಮೇಲೆ ಪಪ್ಪ, ಆಮೇಲೆ ಅಮ್ಮ. ಸೆಲೆಸ್ತಿನ್ ಎಂಬ ಹೆಸರಿನ ದೊಡ್ಡಕ್ಕನನ್ನು ನಾವಿಬ್ಬರು ತಂಗಿಯರು ಕೊಂಕಣಿಯಲ್ಲಿ ಆಕಯ್ ಎನ್ನುತ್ತಿದ್ದೆವು. ಆಕಯ್, ಐರಿನ್, ನಾನು ಈ ಸಾಲಿನಲ್ಲಿ ನಿಲ್ಲಬೇಕು. ಆಬ್ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ದೇವರು ಒಳ್ಳೆಯದು ಮಾಡಲಿ ಎಂದು, ಕೊನೆಯಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟಾಗ ಒಂದು ನಿಟ್ಟುಸಿರು ಬಿಡುತ್ತಿದ್ದರು. ಸಾಲು ನನ್ನಲ್ಲಿಗೆ ಮುಗಿಯುತ್ತದಲ್ಲ, ಹಿಂದೆ ಗಂಡುಹುಡುಗ ಇಲ್ಲವಲ್ಲ, ಅದಕ್ಕೆ ಆ ಉಸಿರು. ಎಷ್ಟೋ ಕಾಲ ನಾನು ಅದನ್ನು ಆಶೀರ್ವಾದದ ಒಂದು ಭಾಗವೆಂದೇ ತಿಳಿದಿದ್ದೆ.

ಹೆಸರಿನ ಕಥೆಯನ್ನು ಆಬ್ ಊಟಕ್ಕೆ ಮುಂಚಿನ ಆ ಹೊತ್ತಿನಲ್ಲೇ ಹೇಳುತ್ತಿದ್ದದ್ದು. ಹಿಂದೆ ಗೋವೆಯಲ್ಲಿ ನಮ್ಮ ಮೂಲದ ಹಿರಿಯರೊಬ್ಬರಿಗೆ ಜ್ಞಾನಸ್ನಾನವಾದಾಗ ಧರ್ಮತಂದೆಯಾಗಿ ನಿಂತವನ ಹೆಸರನ್ನೇ ಮನೆತನಕ್ಕೆ ಕೊಡುತ್ತಿದ್ದರಂತೆ. ಉಳಿದವರಿಗೆಲ್ಲ ಪೋರ್ಚುಗಲ್ಲಿನವರು ನಿಂತರು, ಆದ್ದರಿಂದ ಅವರೆಲ್ಲ ಪೋರ್ಚುಗೀಸ್ ಹೆಸರಿನವರಾದರು. ನಮ್ಮ ಹಿರಿಯನಿಗೆ ಮಾತ್ರ ದಾರಿತಪ್ಪಿ ಬಂದ ಹಾಗೆ ಒಬ್ಬ ಸ್ಪೇನಿನವನು ಸಿಕ್ಕಿದ. ಗೋವೆಯಿಂದ ಗಂಟುಮೂಟೆ ಕಟ್ಟಿ ಹೊರಟವರ ಜೊತೆ ಆ ಹೆಸರೂ ಹೊರಟು, ಶ್ರೀರಂಗಪಟ್ಟಣದ ಸೆರೆಯವರೆಗೆ ನಡೆದು, ಅಲ್ಲಿಂದ ನಡೆದೇ ವಾಪಸು ಬಂದು ಪುತ್ತೂರಿನಲ್ಲಿ ಕೂತಿತು. ಆಬ್ ಪ್ರಾಯದಲ್ಲಿದ್ದಾಗ ಸ್ಪೇನಿನ ಪಾದ್ರಿಯೊಬ್ಬರು ಇವರ ಹೆಸರು ಕೇಳಿ ಎದ್ದೇ ನಿಂತರಂತೆ. ಅದು ತಮ್ಮ ದೇಶದ ಒಂದು ಊರಿನ ಹೆಸರು, ಬಿಡಿಸಿ ಓದಿದರೆ ಕಲ್ಲು ಹಾಡುತ್ತದೆ ಎಂದು ಅರ್ಥ, ಅಲ್ಲಿಯೂ ಈ ಹೆಸರಿನವರು ಕಡಿಮೆ ಎಂದರಂತೆ. ಕಲ್ಲೇ ಹಾಡುವಾಗ ನಾನು ಯಾಕೆ ಸುಮ್ಮನಿರಬೇಕು ಎಂದು ಆಬ್ ಹೋಗಿ ಕಾರ್ನೆಟ್ ಎನ್ನುವ ಹಳೆಯ ಕಹಳೆಯೊಂದನ್ನು ತಂದರು. ಬ್ಯಾಂಡು ಹುಟ್ಟಿದ್ದು ಹಾಗೆ. ಊರು ಬಿಟ್ಟು ಹೋದವನನ್ನು ಹೊಸ ಜಾಗದವರು ಅವನ ಊರಿನಿಂದಲೇ ಗುರುತಿಸುವುದು ಎಲ್ಲ ಕಡೆಯೂ ಇರುವಂಥದ್ದು. ನಮ್ಮಲ್ಲಿ ಅಜ್ಜಾವರದವರು, ಜಾಲ್ಸೂರಿನವರು ಎನ್ನುವುದಿಲ್ಲವೇ, ಇದೂ ಹಾಗೆಯೇ. ಈಚೆಗೆ ತಿಳಿದವರೊಬ್ಬರು ನನಗೆ ಹೇಳಿದರು, ಅದರಲ್ಲಿ ಹಾಡೂ ಇಲ್ಲ ಪಾಡೂ ಇಲ್ಲ, ಮೊದಲ ಭಾಗವೂ ಕಲ್ಲು ಎನ್ನುವ ಯಾವುದೋ ಹಳೆಯ ಮಾತೇ ಇರಬಹುದು ಎಂದು. ಇರಲಿ. ಪಂಡಿತರ ಕಲ್ಲು ಬೇಕಾದರೆ ಬಾಯಿ ಮುಚ್ಚಿಕೊಂಡಿರಲಿ, ನಮ್ಮದು ಹಾಡಿತು.

ಹಾಡಿದ್ದರಿಂದ ಊರೂರಿಗೆ ಗೊತ್ತೂ ಆಯಿತು. ಇಡೀ ಇಗರ್ಜಿಯಲ್ಲಿ ಆ ಹೆಸರಿನವರು ನಾವು ಒಂದೇ ಮನೆಯವರು, ಜಿಲ್ಲೆಯಲ್ಲಿ ಬೇರೆ ಇದ್ದದ್ದನ್ನು ನಾನು ಕೇಳಿಲ್ಲ. ಆದರೆ ಪುತ್ತೂರು, ಸುಳ್ಯ, ಕಡಬದ ಕಡೆ ಆ ಕಾಲದಲ್ಲಿ ಆ ಹೆಸರು ಗೊತ್ತಿಲ್ಲದವರು ಕಡಿಮೆ. ಬ್ಯಾಂಡು ತರಿಸಬೇಕು ಎಂದು ಯಾರೂ ಹೇಳುತ್ತಿರಲಿಲ್ಲ, ಕಂತಲ ತರಿಸಬೇಕು ಎನ್ನುತ್ತಿದ್ದರು. ಅಜ್ಜಾವರದ ಗೌಡರ ಮನೆಯ ಮದುವೆಗೆ ಕಂತಲ, ಈಶ್ವರಮಂಗಲದಲ್ಲಿ ಬ್ಯಾರಿ ವ್ಯಾಪಾರಿಯೊಬ್ಬರ ಹೊಸ ಅಂಗಡಿ ತೆರೆಯುವ ದಿನ ಕಂತಲ, ಶಾಲೆಯ ವಾರ್ಷಿಕೋತ್ಸವಕ್ಕೆ ಕಂತಲ. ಸ್ಪೇನಿನಲ್ಲಿಯೂ ಅಪರೂಪವಾದ ಒಂದು ಹೆಸರನ್ನು ಅರೆಭಾಷೆಯಲ್ಲಿ, ಬ್ಯಾರಿಭಾಷೆಯಲ್ಲಿ, ತುಳುವಿನಲ್ಲಿ ಕರೆದು, ಬೆಲ್ಲ ಅವಲಕ್ಕಿ ಕೊಟ್ಟು, ಬಾಡಿಗೆ ಚೌಕಾಸಿ ಮಾಡಿ ಮನೆಯವರದ್ದಾಗಿ ಮಾಡಿಕೊಂಡಿದ್ದರು. ಇಷ್ಟು ಪ್ರಸಿದ್ಧವಾದ ಹೆಸರನ್ನು ಹೊರಲು ಮುಂದಕ್ಕೆ ಯಾರೂ ಇಲ್ಲ ಎನ್ನುವುದೇ ಆಬ್‌ನ ಕೊರಗು. ಅವರಿಗೆ ಒಬ್ಬನೇ ಮಗ, ಆ ಮಗನಿಗೆ ನಾವು ಮೂವರು ಹೆಣ್ಣುಮಕ್ಕಳು. ನನ್ನ ನಂತರ ಅಮ್ಮನಿಗೆ ಮಕ್ಕಳಾಗುವುದಿಲ್ಲ ಎಂದು ಗೊತ್ತಾದಾಗಿನಿಂದ ಮನೆಗೆ ಬಂದವರೆಲ್ಲ ಕಾಫಿ ಕುಡಿಯುತ್ತ ಸಂತಾಪ ಹೇಳಿ ಹೋಗುತ್ತಿದ್ದರು. ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋಗಿ ಅದನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆಯುತ್ತಿದ್ದಳು.

ಒಂದು ವರ್ಷದ ತೆನೆಹಬ್ಬಕ್ಕೆ ಅಮ್ಮನ ಅಣ್ಣ, ಕಡಬದ ಮಾಮ್, ತನ್ನ ಎರಡನೆಯ ಮಗ ಫ್ರಾನ್ಸಿಸನನ್ನು ಕರೆದುಕೊಂಡು ಬಂದ. ಮಾಮ್ ಗದ್ದೆಯ ಆಚೆ ನಿಂತವರೊಡನೆ ಮಾತಾಡುವ ಸ್ವರದಲ್ಲೇ ಪಕ್ಕದಲ್ಲಿ ಕೂತವರೊಡನೆಯೂ ಮಾತಾಡುವವನು. ಅಂದು ನಮ್ಮಲ್ಲಿ ಮೀನು ಮಾಂಸ ಇಲ್ಲ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಪೀಠದ ಮುಂದಿಟ್ಟು ಪ್ರಾರ್ಥಿಸಿ, ಅದರ ಕಾಳನ್ನು ಸುಲಿದು ಪುಡಿಮಾಡಿ ತೆಂಗಿನಹಾಲಿಗೆ ಹಾಕಿ ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡಬೇಕು. ಆಮೇಲೆ ಬಾಳೆಲೆಯಲ್ಲಿ ತರಕಾರಿಯ ಊಟ. ಆಬ್ ಮೊದಲು ಪಪ್ಪನಿಗೆ ಕೊಟ್ಟರು, ಆಮೇಲೆ ಮಾಮನಿಗೆ, ಆಮೇಲೆ ನಮ್ಮನ್ನು ದಾಟಿ ಫ್ರಾನ್ಸಿಸನಿಗೆ ಕೊಟ್ಟರು. ಆಕಯ್ ಚಾಚಿದ ಕೈ ಹಾಗೆಯೇ ನಿಂತಿತು. ನೆಂಟನೆಂದು ಮೊದಲು ಕೊಟ್ಟಿರಬೇಕು ಎಂದುಕೊಂಡೆ. ಬೆಂಡೆಕಾಯಿ ಬಡಿಸುವ ಹೊತ್ತಿಗೆ ವಿಷಯ ಹೊರಬಿತ್ತು. ಫ್ರಾನ್ಸಿಸನನ್ನು ನಮ್ಮ ಮನೆಗೆ ದತ್ತು ಕೊಡುವುದು, ಅವನಿಗೆ ನಮ್ಮ ಹೆಸರು ಹಾಕುವುದು, ಮುಂದಕ್ಕೆ ಮನೆಯನ್ನೂ ಬ್ಯಾಂಡನ್ನೂ ಅವನೇ ನೋಡಿಕೊಳ್ಳುವುದು ಎಂದು ಮಾಮನೂ ಆಬೂ ಮೊದಲೇ ಮಾತಾಡಿಕೊಂಡಿದ್ದರು. ಹುಡುಗಿಯರು ಹೇಗೂ ಮದುವೆಯಾಗಿ ಹೋಗುವವರು, ಮೂವರೂ ಮೂರು ಮನೆಯ ಡಿಸೋಜರಾಗುತ್ತಾರೆ ಎಂದು ಮಾಮ್ ನಕ್ಕ. ಪಪ್ಪ ಊಟದ ನಡುವೆಯೇ ಗೋಡೆಯ ಕಡೆ ನೋಡಿದರು, ಪಾಪ, ಎಂಜಲು ಕೈಯಲ್ಲಿ ವಾದ್ಯ ಮುಟ್ಟುವಂತಿರಲಿಲ್ಲ. ಹುಳಿಯ ಪಾತ್ರೆ ಹಿಡಿದು ನಿಂತಿದ್ದ ಅಮ್ಮ ಅದನ್ನು ನೆಲಕ್ಕಿಟ್ಟಳು.

"ಅಲ್ಲಣ್ಣ, ನಾನು ಮೂವರನ್ನು ಹೆತ್ತಿದ್ದೇನೆ. ಅವರು ನಿನ್ನ ಲೆಕ್ಕಕ್ಕೆ ಬರುದೇ ಇಲ್ವಾ?"

ಅಮ್ಮ ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಷ್ಟರಲ್ಲಿ ಆಕಯ್ ಆಬ್‌ನ ಕಡೆ ತಿರುಗಿದಳು. ಅವಳು ಆಗ ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದಳು. ಮಕ್ಕಳಿಗೆ ಪಾಠ ಹೇಳುವ ಸ್ವರ ಅವಳಿಗೆ ಆಗಲೇ ಬಂದಿತ್ತು.

"ಆಬ್, ಹೆಸರನ್ನು ಹೊರಗಿನಿಂದ ತರುದು ಎಂತಕ್ಕೆ? ನನ್ನ ಹತ್ರ ಉಂಟು. ನಾನೇ ಇಟ್ಕೊಳ್ತೇನೆ, ನನ್ನ ಮಕ್ಕಳಿಗೂ ಕೊಡ್ತೇನೆ."

ಮಾಮ್ ಎಲೆಯ ಮೇಲೆ ಬಗ್ಗಿ ಕೆಮ್ಮುವಷ್ಟು ನಕ್ಕ. ಆಬ್ ನಗಲಿಲ್ಲ. ಅಂಥ ಪದ್ಧತಿ ನಮ್ಮಲ್ಲಿ ಇಲ್ಲ ಎಂದಷ್ಟೇ ಹೇಳಿ ಮಜ್ಜಿಗೆ ಕೇಳಿದರು. ನಾನು ಫ್ರಾನ್ಸಿಸನ ಎಲೆಯಿಂದ ಹಪ್ಪಳ ಎತ್ತಿಕೊಂಡೆ. ಪಾಪದವನು ಅವನು. ಅವನಿಗೆ ಬೇಕಾದದ್ದು ಅವನ ಕಡಬ, ಅವನ ನಾಯಿ.

ಮಧ್ಯಾಹ್ನ ಪಕ್ಕದ ಮನೆಯ ಕಮಲಕ್ಕ ಬಂದರು. ಅವರು ಬಂಟರು. ಹಬ್ಬಕ್ಕೆ ಹರಿವೆಯನ್ನೂ ಮುಳ್ಳುಸೌತೆಯನ್ನೂ ಬೇಲಿಯ ಮೇಲಿಂದ ಕೊಡುವುದು ಅವರ ಲೆಕ್ಕ, ಮಾಡಿದ ಅಡುಗೆಯಲ್ಲಿ ಒಂದು ಪಾಲು ಅದೇ ಬೇಲಿಯ ಮೇಲಿಂದ ಕಳಿಸುವುದು ಅಮ್ಮನ ಲೆಕ್ಕ. ಮಾಮನ ಸ್ವರ ಬೇಲಿಗೆ ನಿಲ್ಲುವಂಥದ್ದಲ್ಲವಾದ್ದರಿಂದ ಕಮಲಕ್ಕನಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಅವರು ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತ ಆಬ್‌ಗೆ ಹೇಳಿದರು. ನಮ್ಮ ಕ್ರಿಸ್ತಿಯನ್ನರನ್ನು ಅಲ್ಲಿ ಎಲ್ಲರೂ ಪೊರ್ಬುಗಳು ಎಂದೇ ಕರೆಯುವುದು.

"ನಮ್ಮಲ್ಲಿ ಬರಿ ತಾಯಿಯದ್ದು, ಪೊರ್ಬುಗಳೇ. ನಾನು ಯಾವ ಬರಿಯೋ ನನ್ನ ಮಕ್ಕಳು ಅದೇ ಬರಿ. ಅವರ ಅಪ್ಪಂದು ಅವರ ಅಮ್ಮನ ಬರಿ. ಹೆಣ್ಣು ಹುಟ್ಟದಿದ್ರೆ ನಾವು ಮನೆ ಮುಗೀತು ಅಂತ ಅಳುದು. ನಿಮ್ಮಲ್ಲಿ ಮೂರು ಉಂಟು, ಇನ್ನೆಂತ ಬೇಕು ಮಾರಾಯ್ರೆ?"

ಬರಿ ಎಂದರೆ ಅವರ ಮನೆತನದ ಬಳ್ಳಿ, ಮದುವೆಗೆ ಮುಂಚೆ ಕೇಳಿ ನೋಡುವಂಥದ್ದು. ಆಬ್ ಅದು ನಿಮ್ಮ ಕಟ್ಟು, ನಮ್ಮದು ಬೇರೆ ಎಂದರು. ಕಮಲಕ್ಕ ಎಲೆ ಮಡಚಿ ಬಾಯಿಗಿಟ್ಟರು. ಆದರೆ ಆ ಮಾತು ಆಬ್‌ನ ತಲೆಗೆ ಹೊಕ್ಕು ಕೂತಿತು. ಮಾಮ್ ಹೊರಟು ನಿಂತಾಗ, ಫ್ರಾನ್ಸಿಸನನ್ನು ಈಗಲೇ ಬಿಟ್ಟುಹೋಗಲಾ ಎಂದು ಕೇಳಿದ್ದಕ್ಕೆ ಆಬ್ ಆಕಯ್ ಕಡೆ ತಿರುಗಿ, ಇವಳ ಮದುವೆಯೊಂದು ಆಗಲಿ, ಇವಳಿಗೊಂದು ಮಗು ಆಗಲಿ ಎಂದರು. ಆ ಮಗುವಿಗೆ ನಮ್ಮ ಹೆಸರು ಬಂದರೆ ಸರಿ, ಬಾರದಿದ್ದರೆ ಫ್ರಾನ್ಸಿಸ್ ಬರುತ್ತಾನೆ. ಆಬ್ ಒಮ್ಮೆ ಆಡಿದ ಮಾತನ್ನು ಬದಲಿಸುವವರಲ್ಲ. ಮನೆಯವರಿಗೆಲ್ಲ ಅದು ಗೊತ್ತಿತ್ತು, ಆಕಯ್‌ಗೆ ಎಲ್ಲರಿಗಿಂತ ಹೆಚ್ಚು.

ಇಂಥ ಷರತ್ತಿಗೆ ಒಪ್ಪುವ ಹುಡುಗ ಎಲ್ಲಿ ಸಿಗುತ್ತಾನೆ ಎಂದು ಅಮ್ಮ ಹೆದರಿದ್ದಳು. ಅಂಥವನು ನಮ್ಮ ಮನೆಯ ಸಾಲದಲ್ಲೇ ಕೂತು ಕಾರ್ನೆಟ್ ಊದುತ್ತಿದ್ದ. ಲಾರೆನ್ಸ್ ಡಿಸೋಜ ಜಾಲ್ಸೂರಿನವನು, ಸುಳ್ಯದ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ಕೆಲಸ, ಸೀಸನ್ನಿನಲ್ಲಿ ನಮ್ಮ ಬ್ಯಾಂಡಿನಲ್ಲಿ. ಆಕಯ್ ಕಾಫಿ ತಂದಾಗ ಅವನ ಸ್ವರ ಯಾಕೆ ಜಾರುತ್ತದೆ ಎಂದು ಪಪ್ಪನಿಗೆ ಅರ್ಥವಾಗಿರಲಿಲ್ಲ, ನನಗೆ ಆಗಿತ್ತು. ಪಪ್ಪ ಬಹಳ ಸಂಕೋಚದಿಂದ ಅವನಲ್ಲಿ ಹೆಸರಿನ ವಿಷಯ ಎತ್ತಿದಾಗ ಅವನು ಕಾರ್ನೆಟ್ಟಿನೊಳಗೆ ಕೂತ ಉಸಿರಿನ ನೀರು ಬಸಿಯುತ್ತ ಹೇಳಿದ:

"ಡಿಸೋಜರಿಗೆ ಎಂತ ಬರಗಾಲ? ನಾಲ್ಕು ಜನ ಕಮ್ಮಿ ಆದ್ರೆ ಪೋಪ್‌ರಿಗೂ ಗೊತ್ತಾಗುದಿಲ್ಲ."

ಅವನದ್ದು ಅಷ್ಟು ಸಲೀಸು. ಅವನ ತಾಯಿಯದ್ದಲ್ಲ. ನತಾಲ್‌ಬಾಯಿ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ಹಂದಿ ಸಾಕಿ, ಮಲ್ಲಿಗೆ ಕಟ್ಟಿ ಒಬ್ಬನೇ ಮಗನನ್ನು ಬೆಳೆಸಿದವರು. ಹೆಣ್ಣು ನೋಡಲು ಬಂದ ದಿನ ಅವರು ಬಿಳಿ ಸೀರೆಯ ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ಬೆನ್ನು ನೆಟ್ಟಗಿಟ್ಟು ಕೂತದ್ದು ನೋಡಿಯೇ ನಮ್ಮ ಅಮ್ಮನ ಅರ್ಧ ಧೈರ್ಯ ಹೋಯಿತು. ಮಗ ಮನೆಯಳಿಯನಾಗಿ ನಿಮ್ಮ ಡೋಲು ಹೊತ್ತುಕೊಂಡು ಬಿದ್ದಿರಬೇಕೋ ಎಂದು ಅವರು ಪಪ್ಪನನ್ನು ಕೇಳಿದರು. ಪಪ್ಪ ಚಿಂದಿ ಹುಡುಕುತ್ತಿದ್ದರು. ಉತ್ತರ ಕೊಟ್ಟವಳು ಆಕಯ್, ಅತ್ತೆಯನ್ನು ಕರೆಯುವ ಹಾಗೆ ಮಾಂಯ್ ಎಂದೇ ಕರೆದು.

"ಇಲ್ಲ ಮಾಂಯ್. ನಾನು ನಿಮ್ಮ ಮನೆಗೆ ಬರ್ತೇನೆ. ನೀರು ಸೇದ್ತೇನೆ, ಹಂದಿಗೆ ಹಾಕ್ತೇನೆ, ನೀವು ಹೇಳಿದ ಅಡುಗೆ ಮಾಡ್ತೇನೆ. ಹೆಸರೊಂದು ಬಿಡುದಿಲ್ಲ. ಮಕ್ಕಳಿಗೂ ಅದನ್ನೇ ಇಡುದು."

ನತಾಲ್‌ಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ನಿನ್ನ ಹೆಸರು ನೀನು ಇಟ್ಟುಕೊ, ಅದು ನನ್ನ ಅಡುಗೆಮನೆಯಲ್ಲಿ ಜಾಗ ತಿನ್ನುವುದಿಲ್ಲ, ಆದರೆ ಮಗುವಿನ ವಿಷಯ ಮಗು ಹುಟ್ಟಿದ ಮೇಲೆ ನೋಡುವ ಎಂದರು. ಅದಕ್ಕಿಂತ ಮುಂದೆ ಒಂದು ಇಂಚು ಬರಲಿಲ್ಲ. ಅಷ್ಟಕ್ಕೇ ಮದುವೆ ನಿಶ್ಚಯವಾಯಿತು, ಮಗುವಿನ ಮಾತು ಬಾಕಿ ಉಳಿಯಿತು. ಮದುವೆಯ ಪ್ರಕಟಣೆಗೆಂದು ಪಪ್ಪ ಇಗರ್ಜಿಗೆ ಹೋದಾಗ, ಹೆಸರಿನ ಈ ಏರ್ಪಾಡಿನಲ್ಲಿ ಏನಾದರೂ ತಪ್ಪುಂಟೇ ಎಂದು ವಿಗಾರರನ್ನು, ಅಂದರೆ ದೊಡ್ಡ ಪಾದ್ರಿಗಳನ್ನು, ಕೇಳಿದರು. ವಿಗಾರರು ತಪ್ಪೇನೂ ಇಲ್ಲ ಎಂದದ್ದಲ್ಲದೆ ಇನ್ನೊಂದು ಸಂಗತಿಯನ್ನೂ ಹೇಳಿದರು. ಸ್ಪೇನಿನಲ್ಲಿ ಹೆಂಗಸರು ಮದುವೆಯಾದರೂ ತವರಿನ ಹೆಸರು ಬಿಡುವುದಿಲ್ಲವಂತೆ, ಮಕ್ಕಳಿಗೆ ತಂದೆಯ ಹೆಸರಿನ ಜೊತೆ ತಾಯಿಯದ್ದೂ ಬರುತ್ತದಂತೆ. ಪಪ್ಪ ಓಡಿ ಬಂದು ಇದನ್ನು ಆಬ್‌ಗೆ ಹೇಳಿದಾಗ ಆಬ್ ಜಗಲಿಯಿಂದ ಎದ್ದು ಬೇಲಿಯ ಹತ್ತಿರ ಹೋದರು. ಸ್ಪೇನಿನವರೂ ನಿಮ್ಮ ಹಾಗೆಯೇ ಅಂತೆ ಎಂದು ಅವರು ಹೇಳಿದ್ದಕ್ಕೆ ಕಮಲಕ್ಕ, ಹಾಗಾದರೆ ಅವರು ಬುದ್ಧಿವಂತರೇ ಇರಬೇಕು ಎಂದರು. ಮುಂದಿನ ಮೂರು ಭಾನುವಾರ ವಿಗಾರರು ಪೀಠದಿಂದ ಪ್ರಕಟಣೆ ಓದಿದರು, ಅಡ್ಡಿ ಇದ್ದವರು ತಿಳಿಸಬೇಕು ಎಂದರು. ಯಾರೂ ತಿಳಿಸಲಿಲ್ಲ. ನಮ್ಮ ಹೆಸರನ್ನು ಓದುವಾಗ ಅವರು ಸ್ವಲ್ಪ ರಾಗ ಎಳೆದರು ಎಂದು ನನಗೆ ಈಗಲೂ ಅನುಮಾನ.

ಆಕಯ್ ಜಾಲ್ಸೂರಿಗೆ ಹೋದಳು. ಅಲ್ಲೇ ಹತ್ತಿರದ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ನತಾಲ್‌ಬಾಯಿಯ ಮನೆ ಇದ್ದದ್ದು ಕಾಸರಗೋಡಿಗೆ ಹೋಗುವ ಬಸ್ಸಿನ ದಾರಿಯಲ್ಲಿ. ಆ ದಾರಿಯುದ್ದಕ್ಕೂ ಡಿಸೋಜರ ಮನೆಗಳು. ಇಷ್ಟು ಡಿಸೋಜರನ್ನು ಗುರುತಿಸುವುದು ಹೇಗೆ? ಊರವರು ಒಬ್ಬೊಬ್ಬರಿಗೂ ಒಂದು ಬಾಲ ಕಟ್ಟಿದ್ದರು. ಬೇಕರಿ ಡಿಸೋಜ, ಉದ್ದ ಡಿಸೋಜ, ಸಿಲೋನ್ ಡಿಸೋಜ. ನತಾಲ್‌ಬಾಯಿಯ ಮಾವ ಒಮ್ಮೆ ಕೊಡಪಾನ ತೆಗೆಯಲು ಬಾವಿಗೆ ಬಗ್ಗಿ ತಾನೇ ಒಳಗೆ ಹೋಗಿದ್ದರಂತೆ, ಊರೆಲ್ಲ ಸೇರಿ ಹಗ್ಗ ಹಾಕಿ ಎಳೆದಿದ್ದರಂತೆ. ಆ ಮನುಷ್ಯ ಸತ್ತು ಎಷ್ಟೋ ವರ್ಷವಾದರೂ ಮನೆ ಮಾತ್ರ ಬಾವಿಗೆ ಬಿದ್ದ ಡಿಸೋಜರ ಮನೆಯಾಗಿಯೇ ಉಳಿದಿತ್ತು. ಬಸ್ಸಿನ ಕಂಡಕ್ಟರು ಆ ಸ್ಟಾಪು ಬಂದಾಗ ಬಾವಿಗೆ ಬಿದ್ದವರು ಇಳಿಯಿರಿ ಎಂದು ಕೂಗುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ನೆಟ್ಟಗಿನ ಬೆನ್ನಿನ ನತಾಲ್‌ಬಾಯಿ ಅದನ್ನು ಕೇಳಲಾರದೆ ಎಷ್ಟೋ ಸಲ ಹಿಂದಿನ ಸ್ಟಾಪಿನಲ್ಲೇ ಇಳಿದು ಬಿಸಿಲಲ್ಲಿ ನಡೆದು ಬರುತ್ತಿದ್ದರಂತೆ. ಈ ಸಂಗತಿಯನ್ನು ಆಕಯ್ ನಮಗೆ ನಗುತ್ತ ಹೇಳಲಿಲ್ಲ, ಮರುಗಿ ಹೇಳಿದಳು.

ಶಾಲೆಯ ಮಕ್ಕಳಿಗೆ ಹೊಸ ಟೀಚರಿನ ಹೆಸರು ಒಂದು ಆಟವಾಯಿತು. ಯಾರು ಒಂದೇ ಉಸಿರಿನಲ್ಲಿ ತಪ್ಪದೆ ಹೇಳುತ್ತಾರೆ ಎಂದು ಪಂದ್ಯ ಕಟ್ಟಿದರು. ಮಕ್ಕಳಿಂದ ಮನೆಗಳಿಗೆ, ಮನೆಗಳಿಂದ ಬಸ್ಸಿಗೆ ಅದು ಹೋಯಿತು. ಕಂತಲ ಬ್ಯಾಂಡಿನ ಮಗಳು ಎಂದು ತಿಳಿದ ಮೇಲೆ ಕೇಳಬೇಕೇ. ಮರುವರ್ಷದ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಒಂದು ದಿನ ನತಾಲ್‌ಬಾಯಿ ನನ್ನನ್ನು ಸುಳ್ಯದ ಸಂತೆಗೆ ಕರೆದುಕೊಂಡು ಹೋದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಒಣಮೀನಿನ ಚೀಲವನ್ನು ಮಡಿಲಲ್ಲಿ ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದರು. ಸ್ಟಾಪು ಹತ್ತಿರ ಬಂತು. ಕಂಡಕ್ಟರು ಬಾಗಿಲ ಹತ್ತಿರ ನಿಂತು ಕೂಗಿದ:

"ಯಾರು ಕಂತಲಪಿಯೆದ್ರ? ಕಂತಲಪಿಯೆದ್ರ ಇಳಿಯಿರಿ!"

ಯಾರೂ ನಗಲಿಲ್ಲ. ಒಬ್ಬ ಮಲಯಾಳಿ ಹೆಂಗಸು ಕುತೂಹಲದಿಂದ ತಿರುಗಿ ನೋಡಿದಳು, ಅಷ್ಟೆ. ನತಾಲ್‌ಬಾಯಿ ಕೂಡಲೇ ಏಳಲಿಲ್ಲ. ಚೀಲ ಸರಿಮಾಡಿದರು, ಸೆರಗು ಸರಿಮಾಡಿದರು. ಕಂಡಕ್ಟರು ಇನ್ನೊಮ್ಮೆ ಕೂಗಿದ ಮೇಲೆ ನಿಧಾನವಾಗಿ ಎದ್ದು, ಮೆಟ್ಟಿಲ ಮೇಲೆ ನಿಂತು ಬಸ್ಸಿನೊಳಗೆ ಒಮ್ಮೆ ನೋಡಿ ಇಳಿದರು. ದಾರಿಯಲ್ಲಿ ನಾನು ಮುಖ ನೋಡಿದ್ದಕ್ಕೆ, ಬಿಸಿಲು ಜೋರುಂಟು, ಬೇಗ ನಡೆ ಎಂದು ಗದರಿದರು.

ಬಾಣಂತನಕ್ಕೆ ಆಕಯ್ ಪುತ್ತೂರಿಗೆ ಬಂದಳು. ಹೆಣ್ಣುಮಗು ಹುಟ್ಟಿತು. ಸುದ್ದಿ ತಿಳಿದು ಬಂದ ಕಡಬದ ಮಾಮ್ ತೊಟ್ಟಿಲು ನೋಡಿ, ಮತ್ತೆ ಅದೇ ಕಥೆ ಎಂದ. ಆದರೆ ಆಬ್‌ಗೆ ಈಗ ಗಂಡೋ ಹೆಣ್ಣೋ ಎಂಬ ಪ್ರಶ್ನೆ ಉಳಿದಿರಲಿಲ್ಲ. ಕಮಲಕ್ಕ ಬೇಲಿಯಿಂದ ಕೂಗಿ ಕೇಳಿದಾಗ ಅವರೇ ಹೆಣ್ಣು, ಹೆಣ್ಣು ಎಂದು ಎರಡು ಸಲ ಹೇಳಿದರು. ಉಳಿದದ್ದು ಹೆಸರೊಂದೇ. ಆ ಕಾಲದಲ್ಲಿ ಮಗು ಹುಟ್ಟಿ ವಾರ ಕಳೆಯುವುದರೊಳಗೆ ಜ್ಞಾನಸ್ನಾನ ಆಗಿಬಿಡಬೇಕು. ಬಾಣಂತಿ ಕೋಣೆ ಬಿಟ್ಟು ಹೊರಡುವಂತಿಲ್ಲ. ಮೊದಲ ಮಗುವನ್ನು ಎತ್ತಿಕೊಂಡು ಧರ್ಮತಾಯಿಯಾಗಿ ನಿಲ್ಲುವ ಹಕ್ಕು ತಂದೆಯ ಮನೆಯ ಹಿರಿಯಳಿಗೆ. ಅಂದರೆ ಆಕಯ್ ಇಷ್ಟು ವರ್ಷ ಹಟ ಹಿಡಿದು ಕಾದದ್ದೆಲ್ಲ ಈಗ ಅವಳು ಇಲ್ಲದ ಜಾಗದಲ್ಲಿ, ನತಾಲ್‌ಬಾಯಿಯ ಬಾಯಿಯಲ್ಲಿ ತೀರ್ಮಾನವಾಗಬೇಕಿತ್ತು. ಹೊರಡುವಾಗ ಆಕಯ್ ಮಗುವಿಗೆ ಟೋಪಿ ಕಟ್ಟಿ ಅತ್ತೆಯ ಕೈಗೆ ಕೊಟ್ಟಳು. ಏನಾದರೂ ಹೇಳುತ್ತಾಳೋ ಎಂದು ನಾನು ನಿಂತು ನೋಡಿದೆ. ಟೋಪಿಯ ಗಂಟನ್ನು ಮಾತ್ರ ಮತ್ತೆ ಬಿಚ್ಚಿ ಕಟ್ಟಿದಳು. ಆಬ್‌ಗೆ ಮೊಣಕಾಲು ನೋವು, ಅವರೂ ಮನೆಯಲ್ಲೇ ಉಳಿದರು.

ಇಗರ್ಜಿಯಲ್ಲಿ ಜಲಪಾತ್ರೆಯ ಹತ್ತಿರ ಧರ್ಮತಂದೆಯಾಗಿ ಪಪ್ಪ, ಧರ್ಮತಾಯಿಯಾಗಿ ನತಾಲ್‌ಬಾಯಿ ನಿಂತರು. ನಾನು ಮೇಣದ ಬತ್ತಿ ಹಿಡಿದವರ ಸಾಲಿನಲ್ಲಿದ್ದೆ. ಮಗುವಿಗೆ ಏನು ಹೆಸರು ಎಂದು ವಿಗಾರರು ಕೇಳಿದರು. ಕ್ಲಾರಾ ಮರಿಯಾ ಎಂದರು ನತಾಲ್‌ಬಾಯಿ. ಅಲ್ಲಿಗೆ ನಿಲ್ಲಿಸಿದರು. ವಿಗಾರರು ಕನ್ನಡಕದ ಮೇಲಿಂದ ಒಂದು ಘಳಿಗೆ ಅವರನ್ನು ನೋಡಿದರು. ನತಾಲ್‌ಬಾಯಿ ಮಗುವಿನ ಟೋಪಿ ಬಿಚ್ಚತೊಡಗಿದರು. ನೀರು ಬಿತ್ತು, ಮಗು ಕಿರುಚಿತು, ಎಲ್ಲ ಮುಗಿಯಿತು. ಪಪ್ಪನ ಮುಖ ಸಣ್ಣದಾಯಿತು. ಲಾರೆನ್ಸ್ ಭಾವ ತಾಯಿಯ ಹತ್ತಿರ ಏನೋ ಪಿಸುಗುಟ್ಟಿದ್ದಕ್ಕೆ ಅವರು ನೀನು ಸುಮ್ಮನೆ ನಡೆ ಎಂದರು. ಹೊರಗೆ ಕಾದಿದ್ದ ಬ್ಯಾಂಡಿನವರಿಗೆ ಏನು ಗೊತ್ತು, ಅವರು ಉತ್ಸಾಹದಿಂದ ಮಾರ್ಚಿಂಗ್ ಟ್ಯೂನ್ ಹಿಡಿದರು. ಆ ಸದ್ದಿನ ಹಿಂದೆ ನಾವು ಸಾವಿನ ಮನೆಯಿಂದ ಬರುವವರ ಹಾಗೆ ನಡೆದೆವು. ಫ್ರಾನ್ಸಿಸನಿಗೆ ಎರಡು ಜೊತೆ ಬಟ್ಟೆ ಹೊಲಿಸಬೇಕು ಎಂದು ಮಾಮ್ ಪಪ್ಪನ ಕಿವಿಯ ಹತ್ತಿರ ಹೇಳುತ್ತ ಬಂದ. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು.

ಮನೆಯಲ್ಲಿ ಎಲ್ಲರೂ ಆಕಯ್ ಕೋಣೆಯ ಬಾಗಿಲಲ್ಲಿ ಗುಂಪಾದೆವು. ಅವಳು ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಪಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಅವಳಿಗೆ ಗೊತ್ತಾಯಿತು. ಆಬ್ ಕೋಲೂರಿಕೊಂಡು ಬಂದು ಬಾಗಿಲಿನ ಪಟ್ಟಿ ಹಿಡಿದು ನಿಂತರು. ಮಾಮನೇ ಹೇಳಿದ, ಇಗರ್ಜಿಯಲ್ಲಿ ಕ್ಲಾರಾ ಮರಿಯಾ ಎಂದಾಯಿತು, ಅದರ ಹಿಂದೆ ಏನೂ ಬರಲಿಲ್ಲ ಎಂದು. ನತಾಲ್‌ಬಾಯಿ ತಿರುಗಿ ಅವನನ್ನು ನೋಡಿದರು.

"ದೇವರಿಗೆ ಅಷ್ಟು ಸಾಕು. ಮನೆತನ ಹೇಳ್ಬೇಕಾದ್ದು ಹೆತ್ತವಳಿಗೆ."

ಮಗುವನ್ನು ತಾಯಿಯ ಕೈಗೆ ಮರಳಿಸುವಾಗ ಧರ್ಮತಾಯಿ ಹೇಳಬೇಕಾದ, ತಗೊ ನಿನ್ನ ಕ್ರಿಸ್ತಿಯನ್ ಮಗು ಎನ್ನುವಂಥ ಒಂದು ಮಾತನ್ನು ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ನತಾಲ್‌ಬಾಯಿ ಅದನ್ನು ಹೇಳಲಿಲ್ಲ. ಅವರು ಹಾಸಿಗೆಯ ಹತ್ತಿರ ಹೋಗಿ, ಬಗ್ಗಿ, ಮಗುವನ್ನು ಆಕಯ್ ಮಡಿಲಲ್ಲಿ ಮಲಗಿಸಿದರು.

"ತಗೊ, ನಿನ್ನ ಕಂತಲಪಿಯೆದ್ರ. ಹಸಿವಾಗಿದೆ ಅವಳಿಗೆ, ಹಾಲು ಕೊಡು."

ಆಕಯ್ ಮಗುವಿನ ಮೇಲೆ ಬಗ್ಗಿದಳು, ಅವಳ ಮುಖ ಕಾಣಲಿಲ್ಲ, ಭುಜ ಅಲುಗುವುದು ಕಂಡಿತು. ಅಮ್ಮ ಗೋಡೆಗೆ ಒರಗಿ ಜೋರಾಗಿಯೇ ಅತ್ತಳು. ಪಪ್ಪ ಅಂಗಳಕ್ಕೆ ಓಡಿ ಬ್ಯಾಂಡಿನವರಿಗೆ ಏನೋ ಹೇಳಿದರು. ಮಾಮ್ ತನ್ನ ಕೊಡೆ ಹುಡುಕತೊಡಗಿದ. ಆಬ್ ಮಾತ್ರ ಬಾಗಿಲು ಬಿಟ್ಟು ಕದಲದೆ, ಕಿವಿಗೆ ಅಂಗೈ ಅಡ್ಡ ಹಿಡಿದರು.

"ಎಂತ ಹೇಳಿದ್ರಿ ಬಾಯಮ್ಮ? ನನಗೆ ಸರಿ ಕೇಳ್ಲಿಲ್ಲ."

ಇಡೀ ಬ್ಯಾಂಡಿನ ನಡುವೆ ಒಬ್ಬನ ಸ್ವರ ಕೂದಲಿನಷ್ಟು ಜಾರಿದರೂ ಹೆಸರು ಹಿಡಿದು ಗದರುವ ಕಿವಿ ಅದು. ನತಾಲ್‌ಬಾಯಿಗೂ ಅದು ಗೊತ್ತಿತ್ತು. ಅವರು ಸೆರಗು ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿ, ಕ್ಲಾರಾ ಮರಿಯಾ ಕಂತಲಪಿಯೆದ್ರ ಎಂದು ಬಸ್ಸಿಗೆ ಬಸ್ಸೇ ಕೇಳುವಂತೆ ಹೇಳಿದರು. ಆಬ್ ಕೈ ಕೆಳಗಿಳಿಸಲಿಲ್ಲ, ಇನ್ನೂ ಕೇಳಲಿಲ್ಲ ಎಂದು ತಲೆಯಾಡಿಸಿದರು. ನತಾಲ್‌ಬಾಯಿ ಮತ್ತೊಮ್ಮೆ ಹೇಳಿದರು.